ಒದ್ದೆ ನೆಲದ ಭಾಷ್ಯಕಾರ

ದಕ್ಷಿಣ ಬೆಂಗಳೂರಿನಲ್ಲಿ, ಅದರಲ್ಲೂ ಲಾಲ್‌ಬಾಗಿನ ತೆಂಕಣ ಅಂಚಿಗೆ ಅಂಟಿಕೊಂಡಿರುವ ಸಿದ್ದಾಪುರ ಮತ್ತು ಅಶೋಕ ಪಿಲ್ಲರಿನ ಆಸುಪಾಸಿನಲ್ಲಿ, ಇತ್ತೀಚೆಗೆ ಹೇರಳವಾಗಿ ಕಾಣಸಿಗುವ ಗೃಹಸ್ಥರ ಒಂದು ವರ್ಗವನ್ನು ‘ಮರಿಯ ಯಜಮಾನ’ ಎಂದು ಕರೆಯಬಹುದು. ಎರಡು ತಿಂಗಳ ನಾಯಿಮರಿಯನ್ನು ಮನೆಗೆ ತಂದು, ಅದು ನಿಗದಿತ ಜಾಗದಲ್ಲೇ ಮಲಮೂತ್ರ ವಿಸರ್ಜಿಸುವಂತೆ ಪಳಗಿಸಲು ಹೊರಟು, ಪಳಗಿಸುವುದಕ್ಕಿಂತ ಹೆಚ್ಚಿನ ಕಾಲವನ್ನು ಮರಿಯ ಮನಸ್ಸಿನಲ್ಲೇನಿದೆಯೆಂದು ವ್ಯಾಖ್ಯಾನಿಸುವುದರಲ್ಲಿ ಕಳೆಯುವವನು ಎಂಬುದು ಈ ಪದಕ್ಕೆ ಇಲ್ಲಿ ಕೊಡುವ ಅರ್ಥ. ಮೊಣಕಾಲಿನವರೆಗಿನ ಚಡ್ಡಿ, ಒಂದು ಕೈಯಲ್ಲಿ ಮಾಪು, ಇನ್ನೊಂದರಲ್ಲಿ ಮೊಬೈಲು, ಎರಡರಲ್ಲಿ ಒಂದಾದರೂ ಒದ್ದೆಯಾದ ಕಾಲುಚೀಲ, ಇವು ಈತನ ಬಾಹ್ಯ ಲಕ್ಷಣಗಳು.

ಹಾಲಿನ ನೆಲದ ಮೇಲೆ ಅಂಗೈಯಗಲದ ಒದ್ದೆ ಕಂಡೊಡನೆ ಈ ಮನೆಗಳಲ್ಲಿ ಏಳುವ ಮತಭೇದಗಳು ಒಂದೇ ಸೂತ್ರಕ್ಕೆ ಮೂವರು ಆಚಾರ್ಯರು ಬರೆದ ಭಾಷ್ಯಗಳಿಗಿಂತ ಕಡಿಮೆಯವಲ್ಲ. ಕಾಲೇಜಿಗೆ ಹೋಗುವ ಮಗಳ ಪ್ರಕಾರ ಮರಿಗೆ ‘ಆಂಗ್ಸೈಟಿ’ ಇದೆ. ಅಜ್ಜಿಯ ಪ್ರಕಾರ ಅದು ಹುಡುಕಿ ಹುಡುಕಿ ಈಶಾನ್ಯ ಮೂಲೆಗೇ ಹೋಗುತ್ತಿರುವುದರಿಂದ ಮನೆಯ ವಾಸ್ತುವಿನಲ್ಲೇ ಐಬಿದೆ. ಯಜಮಾನನ ಸಿದ್ಧಾಂತವಾದರೋ ಸೇಡಿನದು. ನಿನ್ನೆ ಗದರಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಿಂಬಾ (ಈ ಪ್ರದೇಶದ ಮರಿಗಳಲ್ಲಿ ಬ್ರೂನೋ ಅಲ್ಲದವೆಲ್ಲ ಸಾಮಾನ್ಯವಾಗಿ ಸಿಂಬಾಗಳು) ಇಡೀ ಮನೆಯನ್ನು ಬಿಟ್ಟು ತನ್ನ ಲ್ಯಾಪ್‌ಟಾಪ್ ಚೀಲವನ್ನೇ ಆರಿಸಿಕೊಂಡಿದೆ ಎಂದು ಆತ ಪ್ರತಿಪಾದಿಸುತ್ತಾನೆ. ಅಡುಗೆಮನೆಯಿಂದ ಹೆಂಡತಿ, “ಅದಕ್ಕೆ ಅರ್ಜೆಂಟಾಗಿತ್ತು ಕಣ್ರೀ, ಅಷ್ಟೆ” ಎನ್ನುತ್ತಾಳೆ. ಶಾಸ್ತ್ರಗ್ರಂಥಗಳಲ್ಲಿ ಖಂಡಿಸುವುದಕ್ಕೆಂದೇ ಮೊದಲು ಮಂಡಿಸುವ ಎದುರು ವಾದಕ್ಕೆ ಪೂರ್ವಪಕ್ಷವೆಂದು ಹೆಸರು. ಈ ಹೇಳಿಕೆಗೆ ಆ ಗೌರವವೂ ದಕ್ಕುವುದಿಲ್ಲ, ಏಕೆಂದರೆ ಇಷ್ಟು ಚಿಕ್ಕದಾದುದನ್ನು ಈ ಮನೆಯಲ್ಲಿ ಯಾರೂ ವಾದವೆಂದು ಒಪ್ಪುವುದಿಲ್ಲ.

ಸೇಡಿನ ಸಿದ್ಧಾಂತಕ್ಕೆ ಯಜಮಾನ ಒದಗಿಸುವ ಮುಖ್ಯ ಪ್ರಮಾಣ ಮರಿಯ ಮುಖ. ಒದ್ದೆಯ ಮುಂದೆ ನಿಲ್ಲಿಸಿ “ಯಾರು ಮಾಡಿದ್ದು ಇದು?” ಎಂದು ಕೇಳಿದಾಗ ಅದು ಕಿವಿ ಹಿಂದಕ್ಕೆ ಮಡಚಿ, ಬಾಲ ಮುದುರಿ, ದೃಷ್ಟಿ ತಪ್ಪಿಸುತ್ತದೆ, ಆದ್ದರಿಂದ ಅದಕ್ಕೆ ತಪ್ಪಿನ ಅರಿವಿದೆ, ಅರಿವಿದ್ದೂ ಮಾಡಿರುವುದರಿಂದ ಅದು ಸೇಡು ಎಂಬುದು ವಾದದ ಸರಣಿ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದ್ವಾಂಸೆ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಪ್ರಮಾಣವನ್ನು ಬುಡಸಹಿತ ಅಲ್ಲಾಡಿಸುತ್ತದೆ. ಬೇಡವೆಂದ ತಿಂಡಿಯನ್ನು ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಮಾಲೀಕರಿಗೆ ಕೆಲವೊಮ್ಮೆ ಸುಳ್ಳಾಗಿ ತಿಳಿಸಿದ ಆ ಪ್ರಯೋಗದಲ್ಲಿ, ತಪ್ಪಿತಸ್ಥನ ಮುಖಭಾವವು ತಿಂಡಿ ತಿಂದದ್ದಕ್ಕೆ ಹೊಂದಿಕೊಳ್ಳದೆ ಮಾಲೀಕರ ಗದರಿಕೆಗೆ ಹೊಂದಿಕೊಂಡು ಬಂತು. ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನಷ್ಟು ಗಾಢವಾಗಿತ್ತು. ಸಿಂಬಾ ಓದುತ್ತಿರುವುದು ತನ್ನ ಆತ್ಮಸಾಕ್ಷಿಯನ್ನಲ್ಲ, ಯಜಮಾನನ ಹುಬ್ಬನ್ನು. ಹೀಗೆ ಪದೇ ಪದೇ ಬೈಸಿಕೊಂಡ ಮರಿ ‘ಮನೆಯೊಳಗೆ ಮಾಡಬಾರದು’ ಎಂಬುದನ್ನು ಕಲಿಯುವುದಿಲ್ಲ, ‘ಇವರ ಕಣ್ಣೆದುರು ಮಾಡಬಾರದು’ ಎಂಬುದನ್ನು ಕಲಿಯುತ್ತದೆ; ಆಮೇಲೆ ಸೋಫಾದ ಹಿಂದೆ ಹೊಸದೊಂದು ಒದ್ದೆ ಪತ್ತೆಯಾದಾಗ, ಮರಿ ಈಗ ಸಂಚು ಹೂಡುತ್ತಿದೆಯೆಂದು ಭಾಷ್ಯ ಮುಂದುವರಿಯುತ್ತದೆ.

ಶರೀರಶಾಸ್ತ್ರದ ನಿಲುವು ಹೆಂಡತಿಯ ನಿಲುವಿಗೆ ಬಹಳ ಹತ್ತಿರವಿದೆ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ತಾನಾಗಿ ಮೂತ್ರ ಮಾಡಲೂ ಬಾರದು. ತಾಯಿ ನೆಕ್ಕಿ ಪ್ರಚೋದಿಸಿದಾಗಲಷ್ಟೇ ಆ ಕ್ರಿಯೆ ನಡೆಯುತ್ತದೆ. ಆನಂತರ ಅದು ಮಲಗುವ ಜಾಗದಿಂದ ದೂರ ಸರಿದು ವಿಸರ್ಜಿಸುವುದನ್ನು ತಾನೇ ರೂಢಿಸಿಕೊಳ್ಳುತ್ತದೆಯಾದರೂ, ಎಚ್ಚರವಿರುವಾಗ ಎರಡು ತಿಂಗಳ ಮರಿ ತಡೆದುಕೊಳ್ಳಬಲ್ಲ ಅವಧಿ ಹೆಚ್ಚೆಂದರೆ ಎರಡು ಗಂಟೆ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕುಗೊಳ್ಳುವ ಸಹಜ ಪ್ರತಿವರ್ತನೆಯೊಂದಿದ್ದು, ಅದರಿಂದಾಗಿ ಉಂಡ ಸ್ವಲ್ಪ ಹೊತ್ತಿಗೆ, ಹಾಗೆಯೇ ನಿದ್ದೆಯಿಂದ ಎದ್ದ ಕೂಡಲೇ ಮತ್ತು ಆಟ ಮುಗಿದ ಕೂಡಲೇ ಮರಿಗೆ ಅವಸರವಾಗುವುದು ಬಹುಮಟ್ಟಿಗೆ ಖಚಿತ. ಪಳಗಿಸುವ ವಿದ್ಯೆಯ ಮುಕ್ಕಾಲು ಪಾಲು ಈ ಮೂರು ವೇಳೆಗಳಲ್ಲಿ ಮರಿಯನ್ನು ಎತ್ತಿಕೊಂಡು ಸರಿಯಾದ ಜಾಗಕ್ಕೆ ಒಯ್ಯುವುದು, ಅಲ್ಲಿ ಕೆಲಸವಾದ ಮರುಕ್ಷಣವೇ ಒಂದು ತುಣುಕು ತಿಂಡಿ ಕೊಟ್ಟು ಹೊಗಳುವುದು, ಇಷ್ಟೇ. ಇದರಲ್ಲಿ ವ್ಯಾಖ್ಯಾನಕ್ಕೆ ಅವಕಾಶವೇ ಇಲ್ಲದಿರುವುದರಿಂದ ಯಜಮಾನನಿಗೆ ಇದು ರುಚಿಸುವುದಿಲ್ಲ.

ಜಾಗದ ಪ್ರಶ್ನೆಯೂ ಅಷ್ಟು ಸರಳವಲ್ಲ. ಸುಮಾರು ಎಂಟು ಒಂಬತ್ತು ವಾರದ ಹೊತ್ತಿಗೆ ಮರಿಗೆ ಪಾದದಡಿಯ ನೆಲದ ಬಗೆಯ ಮೇಲೆ ಒಲವು ಬೆಳೆದುಬಿಡುತ್ತದೆ. ಮಾರಾಟಗಾರನ ಬೋನಿನಲ್ಲಿ ದಿನಪತ್ರಿಕೆಯ ಮೇಲೆ ಬೆಳೆದ ಮರಿ ಮುಂದೆಯೂ ದಿನಪತ್ರಿಕೆಯನ್ನೇ ಅರಸುತ್ತದೆ, ಆ ಪತ್ರಿಕೆಯನ್ನು ನೆಲದ ಮೇಲೆ ಹರಡಿಕೊಂಡು ತಾತ ಸಂಪಾದಕೀಯ ಓದುತ್ತಿದ್ದರೂ ಸರಿಯೆ. ಹುಲ್ಲಿನ ಮೇಲೆ ರೂಢಿ ಮಾಡಿಸೋಣವೆಂದರೆ, ಲಸಿಕೆಗಳ ಸರಣಿ ಮುಗಿಯುವ ತನಕ, ಅಂದರೆ ಸುಮಾರು ನಾಲ್ಕು ತಿಂಗಳು ತುಂಬುವವರೆಗೆ, ಬೀದಿಯ ನೆಲಕ್ಕೆ ಇಳಿಸಬೇಡಿರೆಂದು ಪಶುವೈದ್ಯರು ಎಚ್ಚರಿಸಿರುತ್ತಾರೆ. 1978ರ ಸುಮಾರಿಗೆ ಲೋಕಕ್ಕೆಲ್ಲ ಹರಡಿದ, ಮರಿಗಳಲ್ಲಿ ರಕ್ತಭೇದಿ ತಂದು ಕೊಲ್ಲುವ ಪಾರ್ವೋ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದಾದ್ದರಿಂದ ಈ ಎಚ್ಚರಿಕೆ ನ್ಯಾಯವಾದದ್ದೇ. ಹೊರಗನ್ನು ನೋಡದೆಯೇ ‘ಹೊರಗೆ’ ಹೋಗುವುದನ್ನು ಕಲಿಯಬೇಕಾದ ಈ ಬಿಕ್ಕಟ್ಟಿಗೆ ಸಿದ್ದಾಪುರದಲ್ಲಿ ಸುಲಭವಾಗಿ ಸಿಗುವ ಪರಿಹಾರ ನರ್ಸರಿ. ಯಜಮಾನ ಅಲ್ಲಿಂದ ಚೌಕಾಕಾರದ ಹುಲ್ಲುಹಾಸನ್ನು ತಂದು ಬಾಲ್ಕನಿಯಲ್ಲಿ ಹಾಸುತ್ತಾನೆ. ಮರಿ ಅದನ್ನು ಕಿತ್ತು ತಿಂದು, ಉಳಿದುದರ ಮೇಲೆ ಮಲಗಿ, ಎಚ್ಚರವಾದೊಡನೆ ಒಳಗೆ ಬಂದು ಕಾಲೊರೆಸಿನ ಮೇಲೆ ಕೂರುತ್ತದೆ. ಕಾಲೊರೆಸೂ ಪಾದಕ್ಕೆ ಹುಲ್ಲಿನಂತೆಯೇ ತಾಗುತ್ತದೆಂಬುದು ಮರಿಗೆ ಗೊತ್ತು, ಭಾಷ್ಯಕಾರನಿಗೆ ಹೊಳೆದಿರುವುದಿಲ್ಲ.

ಇನ್ನು ಫಿನೈಲು. ಒಂದು ಬಕೆಟ್ಟಿಗೆ ಒಂದು ಮುಚ್ಚಳ ಸಾಕಾಗುವಲ್ಲಿ ಈ ಮನೆಗಳಲ್ಲಿ ಅದನ್ನು ತೀರ್ಥದಂತೆ ಎಲ್ಲೆಡೆ ಪ್ರೋಕ್ಷಿಸಲಾಗುತ್ತದೆ. ಅದರ ಘಾಟು ಮೂತ್ರದ ವಾಸನೆಯನ್ನು ಮನುಷ್ಯರ ಮೂಗಿನಿಂದ ಮರೆಮಾಡುತ್ತದೆಯೇ ಹೊರತು ನಾಯಿಯ ಮೂಗಿನಿಂದಲ್ಲ. ಹಳೆಯ ವಾಸನೆ ಉಳಿದಿರುವ ಜಾಗವೇ ಮರಿಗೆ ಮುಂದಿನ ಸಲದ ಜಾಗ. ಜೈವಿಕ ವಸ್ತುಗಳನ್ನು ಒಡೆಯಬಲ್ಲ ಕಿಣ್ವಗಳಿರುವ ದ್ರಾವಣದಿಂದ ಒರೆಸಿದರೆ ವಾಸನೆಯ ಮೂಲವೇ ಕರಗುತ್ತದೆ. ಮನೆಗೆಲಸಕ್ಕೆ ಬರುವಾಕೆಯಂತೂ “ಸಾರ್, ನೆಲ ಒರೆಸೋಕ್ ಒಪ್ಕೊಂಡಿದ್ದು, ನಾಯಿ ಗಲೀಜು ಬಳಿಯೋಕಲ್ಲ” ಎಂದು ತನ್ನ ಕರಾರನ್ನು ಮೊದಲ ದಿನವೇ ಸ್ಪಷ್ಟಪಡಿಸಿರುತ್ತಾಳೆ.

ಅತಿಥಿಗಳು ಬಂದಾಗ ಈತನ ವಿದ್ವತ್ತು ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಮಣಲೇರನೆಂಬ ವೀರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಒಡೆಯನಿಂದ ಊರನ್ನು ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದುದು, ಆ ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿ ತಾನೂ ಸತ್ತುದು, ಅದರ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದುದು, ಸುಮಾರು ಕ್ರಿ.ಶ. 950ರ ಆ ಶಾಸನ ಇಂದಿಗೂ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದು, ಇವನ್ನೆಲ್ಲ ಆತ ತಪ್ಪಿಲ್ಲದೆ ವಿವರಿಸುತ್ತಾನೆ. ಕಾಳಿ ಮರಿಯಾಗಿದ್ದಾಗ ಎಲ್ಲೆಲ್ಲಿ ಕೂತಿತೆಂಬುದನ್ನು ಶಾಸನ ಹೇಳುವುದಿಲ್ಲ. ಅಷ್ಟರಲ್ಲಿ ಅತಿಥಿಯ ರೇಷ್ಮೆ ಸೀರೆಯ ಅಂಚು ಒದ್ದೆಯಾಗಿರುತ್ತದೆ. ಹೊಸಬರನ್ನು ಕಂಡ ಸಂಭ್ರಮಕ್ಕೇ ಮರಿಗಳು ತಡೆಯಲಾಗದೆ ಹನಿಸುವುದುಂಟೆಂಬ ನಿಜವಾದ ವಿವರಣೆ ಆಗ ಯಾರ ಬಾಯಿಂದಲೂ ಹೊರಡುವುದಿಲ್ಲ.

ಲಸಿಕೆ ಮುಗಿದ ಮೇಲೆ ಬೀದಿಯ ಅಧ್ಯಾಯ ಆರಂಭವಾಗುತ್ತದೆ. ನಿವಾಸಿಗಳ ಸಂಘಗಳು ಸಾಕುನಾಯಿಗಳಿಗೆ ಲಿಫ್ಟನ್ನು ನಿರಾಕರಿಸುವಂತಿಲ್ಲವೆಂಬ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆಯನ್ನು ಯಜಮಾನ ಮೊಬೈಲಿನಲ್ಲೇ ಇಟ್ಟುಕೊಂಡು ಓಡಾಡುತ್ತಾನಾದರೂ, ಲಿಫ್ಟಿನೊಳಗೆ ಆಗಿಹೋದದ್ದಕ್ಕೆ ಆ ಸುತ್ತೋಲೆಯಲ್ಲಿ ಪರಿಹಾರವಿಲ್ಲ. ಲಾಲ್‌ಬಾಗಿನೊಳಗೆ ಸಾಕುನಾಯಿಗಳಿಗೆ ಪ್ರವೇಶವಿಲ್ಲದ ಕಾರಣ ಅದರ ಕಾಂಪೌಂಡಿನ ಹೊರಗೇ ನಡಿಗೆ. ಅಲ್ಲಿ ಬೀದಿನಾಯಿಗಳ ತಪಾಸಣೆ, ಆಟೋಗಳ ಸದ್ದು, ಎಳನೀರಿನ ಬುರುಡೆ, ಇಷ್ಟೆಲ್ಲದರ ನಡುವೆ ಮರಿಗೆ ಬಂದ ಕೆಲಸ ಮರೆತುಹೋಗಿ, ಮುಕ್ಕಾಲು ಗಂಟೆ ಸುತ್ತಿ ಮನೆಯ ಬಾಗಿಲು ತೆರೆದೊಡನೆ ನೆನಪಾಗುತ್ತದೆ.

ಐದಾರು ತಿಂಗಳು ತುಂಬುವ ಹೊತ್ತಿಗೆ ಸ್ನಾಯುಗಳು ಬಲಿತು, ಊಟವಾದಾಗಲೆಲ್ಲ ಹೆಂಡತಿ ಸದ್ದಿಲ್ಲದೆ ಕೆಳಗೆ ಕರೆದೊಯ್ದುದರ ಫಲವಾಗಿ, ಮರಿ ಬಾಗಿಲ ಬಳಿ ನಿಂತು ಕುಂಯ್‌ಗುಡಲು ಕಲಿಯುತ್ತದೆ. ಯಜಮಾನ ಈ ಯಶಸ್ಸನ್ನು ತನ್ನ ಇತ್ತೀಚಿನ ಸಿದ್ಧಾಂತಕ್ಕೆ ಸಲ್ಲಿಸಿ, ಅಶೋಕ ಪಿಲ್ಲರಿನ ಬಳಿ ಬೇರೊಬ್ಬನ ಒದ್ದೆ ಮರಿಯನ್ನು ಕಂಡು ಸೇಡಿನ ಲಕ್ಷಣಗಳನ್ನು ಬೋಧಿಸತೊಡಗುತ್ತಾನೆ. ಗಂಡು ಮರಿಗಳು ಪ್ರಾಯಕ್ಕೆ ಬಂದಾಗ, ಹೆಚ್ಚಾಗಿ ಆರು ತಿಂಗಳಿನಿಂದ ಒಂದು ವರ್ಷದೊಳಗೆ, ಕಾಲೆತ್ತಿ ತಮ್ಮ ಸರಹದ್ದನ್ನು ಗುರುತಿಸಲಾರಂಭಿಸುತ್ತವೆ. ಸಿಂಬಾ ಅದನ್ನು ನರ್ಸರಿಯಿಂದ ತಂದ ಕುಂಡದಿಂದ ಮೊದಲುಮಾಡಿ ಫ್ರಿಜ್ಜಿನ ಮೂಲಕ ಲ್ಯಾಪ್‌ಟಾಪ್ ಚೀಲದವರೆಗೆ ವಿಸ್ತರಿಸಿದ ದಿನ, ಭಾಷ್ಯದ ಎರಡನೆಯ ಸಂಪುಟಕ್ಕೆ ಕೈ ಹಾಕಲಾಗುತ್ತದೆ.