ಮೊದಲ ತುತ್ತಿನ ತರ್ಕಶಾಸ್ತ್ರ

ಶಾಸ್ತ್ರಗ್ರಂಥಕ್ಕೆ ಕೈ ಹಾಕುವವರು ಮೊದಲು ನಾಲ್ಕು ಸಂಗತಿ ಹೇಳಿಕೊಳ್ಳಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಕೃತ ಗ್ರಂಥದ ವಿಷಯ, ಆರು ತಿಂಗಳ ಕೂಸಿನ ಬಾಯಿ. ಪ್ರಯೋಜನ, ಎರಡು ಚಮಚ ರಾಗಿ ಸರಿ ಆ ಬಾಯೊಳಗೆ ಹೋಗಿ ಹೊರಗೆ ಬಾರದಿರುವುದು. ಸಂಬಂಧ, ಬೀಗರ ನಡುವಿನದು; ಮಗುವಿನ ಊಟ ಶುರುವಾಗುವ ತನಕ ಅದು ಚೆನ್ನಾಗಿಯೇ ಇರುತ್ತದೆ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರದಲ್ಲಿ ಬಾಯಿ ಹಾಕುವ ಯೋಗ್ಯತೆ ಉಳ್ಳವರು. ವೇದಾಂತಕ್ಕಾದರೆ ಶಮ ದಮಾದಿಗಳು ಬೇಕು. ಇಲ್ಲಿ ತಾಯಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಅಧಿಕಾರಿಗಳೇ: ಪಕ್ಕದ ಮನೆಯವರು, ಹಾಲು ಹಾಕುವವರು, ಮದುವೆಯೇ ಆಗದ ಚಿಕ್ಕಪ್ಪ.

ಮೊದಲು ಕಾಲನಿರ್ಣಯ. ಆಶ್ವಲಾಯನ ಗೃಹ್ಯಸೂತ್ರ ಅನ್ನಪ್ರಾಶನಕ್ಕೆ ಆರನೇ ತಿಂಗಳನ್ನು ಗೊತ್ತುಮಾಡಿದೆ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯೂ ಆರು ತಿಂಗಳ ತನಕ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನ ಜೊತೆಗೆ ಪೂರಕ ಆಹಾರ ಎಂದು 2001ರಿಂದ ಹೇಳುತ್ತಿದೆ. ಋಷಿಗಳಿಗೂ ಜಿನೀವಾಕ್ಕೂ ಇಷ್ಟು ಹೊಂದಿಕೆಯಾದರೆ ಪಂಡಿತರು ಉಪವಾಸ ಬೀಳಬೇಕಾದೀತು. ಹಾಗಾಗಿ ಪ್ರಶ್ನೆ ಎದ್ದಿತು: ಆರು ನಡೆಯುತ್ತಿರಬೇಕೋ, ತುಂಬಿರಬೇಕೋ? ಗಂಡಿಗೆ ಸಮ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎಂಬ ರೂಢಿ ಇನ್ನೊಂದು ಗಂಟು ಹಾಕಿತು. ಹೆಣ್ಣುಮಗುವಿಗೆ ಐದರಲ್ಲಿ ಮುಹೂರ್ತ ಸಿಕ್ಕರೆ ಮಕ್ಕಳ ಡಾಕ್ಟರು ಹುಬ್ಬುಗಂಟಿಕ್ಕುತ್ತಾರೆ. ಏಳಕ್ಕೆ ಮುಂದೂಡಿದರೆ ಹೊರನಾಡಿನ ಅನ್ನಪೂರ್ಣೇಶ್ವರಿಗೆ ಹೊತ್ತ ಹರಕೆ ತಡವಾಯಿತೆಂದು ಅಜ್ಜಿ.

ಈ ಅಜ್ಜಿಯರ ವಿಷಯದಲ್ಲಿ ಒಂದು ನ್ಯಾಯ ಸಲ್ಲಬೇಕಾಗಿದೆ. 2001ಕ್ಕೆ ಮುಂಚೆ ಅದೇ ವಿಶ್ವ ಆರೋಗ್ಯ ಸಂಸ್ಥೆ ನಾಲ್ಕರಿಂದ ಆರು ತಿಂಗಳು ಎನ್ನುತ್ತಿತ್ತು. ಆದ್ದರಿಂದ ‘ನಾಲ್ಕಕ್ಕೇ ಶುರು ಮಾಡಿದ್ದೆ, ಇವನೇನು ಸೊರಗಿದ್ದಾನಾ?’ ಎನ್ನುವ ಅತ್ತೆ ಮೂಢನಂಬಿಕೆಯವರಲ್ಲ, ವಿಜ್ಞಾನದ ಹಳೆಯ ಮುದ್ರಣವನ್ನು ಜೋಪಾನವಾಗಿ ಇಟ್ಟುಕೊಂಡವರು. ಆದರೂ ಶರೀರ ಹೊಸ ಮುದ್ರಣದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಬಾಯಿಗೆ ಬಂದದ್ದನ್ನೆಲ್ಲ ನಾಲಿಗೆ ಹೊರಕ್ಕೆ ನೂಕುವ ಹುಟ್ಟುಗುಣ ನಾಲ್ಕರಿಂದ ಆರು ತಿಂಗಳ ನಡುವೆ ಕಡಿಮೆಯಾಗುತ್ತ ಬರುತ್ತದೆ. ಹುಟ್ಟುವಾಗ ತಂದಿದ್ದ ಕಬ್ಬಿಣದ ದಾಸ್ತಾನು ಆರರ ಹೊತ್ತಿಗೆ ತಳ ಕಾಣುತ್ತದೆ.

ದ್ರವ್ಯಪ್ರಕರಣದಲ್ಲಿ ಆಶ್ವಲಾಯನರದು ಧಾರಾಳ ಕೈ. ಪುಷ್ಟಿ ಬೇಕಾದರೆ ಆಡಿನ ಮಾಂಸ, ಬ್ರಹ್ಮವರ್ಚಸ್ಸು ಬೇಕಾದರೆ ತಿತ್ತಿರಿ ಹಕ್ಕಿಯ ಮಾಂಸ, ತೇಜಸ್ಸು ಬೇಕಾದರೆ ತುಪ್ಪದನ್ನ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಮಾಂಸ, ಮೀನು, ಮೊಟ್ಟೆಗಳು ದಿನವೂ ಇರಲಿ ಎನ್ನುತ್ತದೆ. ಸೂತ್ರವನ್ನು ಶಿರಸಾವಹಿಸುವ ಎಷ್ಟೋ ಮನೆಗಳಲ್ಲಿ ಪುಷ್ಟಿಯನ್ನೂ ಬ್ರಹ್ಮವರ್ಚಸ್ಸನ್ನೂ ಸದ್ದಿಲ್ಲದೆ ಬಿಟ್ಟು, ತೇಜಸ್ಸಿನಲ್ಲೇ ತೃಪ್ತಿಪಟ್ಟುಕೊಳ್ಳಲಾಗುತ್ತದೆ. ಜೇನುತುಪ್ಪ ನೆಕ್ಕಿಸುವುದನ್ನು ಮಾತ್ರ ಬಿಟ್ಟಿರುವುದಿಲ್ಲ. ಬಿಡಬೇಕಾದದ್ದು ಅದನ್ನೇ. ಜೇನಿನಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಮಾಡಬಲ್ಲವು. ವರ್ಷ ತುಂಬುವ ತನಕ ಜೇನು ಕೂಡದು.

ಇನ್ನು ಹಳೇ ಮೈಸೂರಿನ ರಾಗಿ ಸರಿ, ಕರಾವಳಿಯಲ್ಲಾದರೆ ರಾಗಿ ಮಣ್ಣಿ. ಅಜ್ಜಿಯ ವಿಧಿ ಯಾವ ಯಾಗಕ್ಕೂ ಕಡಿಮೆಯದಲ್ಲ. ರಾಗಿಯನ್ನು ಕಲ್ಲು ಆರಿಸಿ, ತೊಳೆದು, ರಾತ್ರಿಯಿಡೀ ನೆನೆಹಾಕಿ, ತೆಳು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಹಳೆಯ ಪಂಚೆಯಲ್ಲಿ ವಸ್ತ್ರಗಾಳಿತ ಮಾಡಬೇಕು. ಇಷ್ಟೆಲ್ಲ ಏಕೆ ಎಂದು ಕೇಳಿದ ಸೊಸೆಗೆ ಸಿಗುವ ಹೇತು ಒಂದೇ: ‘ನಮ್ಮಲ್ಲಿ ಹಾಗೇ ಮಾಡೋದು.’ ತರ್ಕಶಾಸ್ತ್ರ ಇದನ್ನು ಹೇತ್ವಾಭಾಸ ಎಂದು ಹೊಡೆದುಹಾಕುತ್ತದೆ. ಹೊಡೆದುಹಾಕುವ ಮುನ್ನ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ಒಂದು ಮಾತು ಕೇಳುವುದು ಒಳ್ಳೆಯದು. ಅಲ್ಲಿನ ಎನ್.ಜಿ. ಮಲ್ಲೇಶಿ, ಎಚ್.ಎಸ್.ಆರ್. ದೇಶಿಕಾಚಾರ್ ಅವರು 1980ರ ದಶಕದಲ್ಲಿ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ಮಾಡುವುದನ್ನು ಕುರಿತು ಅಧ್ಯಯನ ನಡೆಸಿದರು.

ಸಂಗತಿ ಹೀಗಿದೆ. ಏಳು ಕಿಲೋ ತೂಗುವ ಮಗುವಿನ ಹೊಟ್ಟೆಗೆ ಹಿಡಿಯುವುದು ಸುಮಾರು 200 ಮಿಲಿಲೀಟರ್. ಬರೀ ರಾಗಿ ಹಿಟ್ಟು ಕುದಿಸಿದರೆ ಗಟ್ಟಿಯಾಗುತ್ತದೆ. ನೀರು ಸುರಿದು ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಪಿಷ್ಟವನ್ನು ಕತ್ತರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಮೆತ್ತಗೆ, ನುಂಗುವ ಹದದಲ್ಲೇ ಇರುತ್ತದೆ. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಇಳಿಯುತ್ತದೆ. ಅಜ್ಜಿಯ ನಿರ್ಣಯ ಸಾಧು, ಹೇತು ಮಾತ್ರ ದುಷ್ಟ.

ಈಗ ವಾದಪ್ರಕರಣ. ಗೌತಮರ ನ್ಯಾಯಸೂತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸಿದೆ. ಸತ್ಯ ತಿಳಿಯಲು ನಡೆಸುವುದು ವಾದ: ತಾಯಿ ಮತ್ತು ಡಾಕ್ಟರರ ನಡುವಿನದು, ಟೋಕನ್ ಕೂಗುವ ತನಕ. ಗೆಲ್ಲಲೆಂದೇ ನಡೆಸುವುದು ಜಲ್ಪ: ತಾಯಿಯ ತಾಯಿಗೂ ತಂದೆಯ ತಾಯಿಗೂ ನಡುವಿನದು. ಇದರಲ್ಲಿ ಮಗು ನುಂಗಿದರೆ ನಮ್ಮ ಕಡೆಯ ಬುದ್ಧಿ, ಉಗಿದರೆ ಆ ಕಡೆಯದು. ಮೂರನೆಯದು ವಿತಂಡ, ಅಂದರೆ ತನ್ನದೆಂಬ ಪಕ್ಷವನ್ನೇ ಹೂಡದೆ ಎದುರಾಳಿಯದನ್ನು ಖಂಡಿಸುತ್ತ ಹೋಗುವುದು. ಇದರ ಪಾರಂಗತ ತೊಡೆಯ ಮೇಲೆ ಕೂತಿದ್ದಾನೆ. ಅನ್ನ ಬೇಡ, ಸರಿ ಬೇಡ, ಬಾಳೆಹಣ್ಣು ಬೇಡ. ಏನು ಬೇಕೆಂದು ಹೇಳುವ ಹೊಣೆ ಅವನದಲ್ಲ. ‘ಫುರ್ರ್’ ಎಂಬ ಏಕಾಕ್ಷರಿ ಖಂಡನೆ ಅಜ್ಜಿಯ ಸೀರೆಯ ಮೇಲೆ ದಾಖಲಾಗುತ್ತದೆ.

ವಾದದಲ್ಲಿ ಸೋಲುವ ಜಾಗಗಳಿಗೆ ನಿಗ್ರಹಸ್ಥಾನವೆಂದು ಹೆಸರು. ಗೌತಮರು ಇಪ್ಪತ್ತೆರಡು ಎಣಿಸಿದ್ದಾರೆ. ಅವುಗಳಲ್ಲಿ ‘ವಿಕ್ಷೇಪ’ವೆಂದರೆ ಬೇರೆ ಕೆಲಸದ ನೆಪ ಹೇಳಿ ಚರ್ಚೆಯಿಂದ ಜಾರಿಕೊಳ್ಳುವುದು. ಸರಿಯ ಬಟ್ಟಲು ಕಂಡೊಡನೆ ತಂದೆಗೆ ಆಫೀಸಿನಿಂದ ಬರುವ ಫೋನು ಇದಕ್ಕೆ ಶಾಸ್ತ್ರಶುದ್ಧ ಉದಾಹರಣೆ. ‘ಪುನರುಕ್ತ’ವೆಂದರೆ ಹೇಳಿದ್ದನ್ನೇ ಹೇಳುವುದು. ಇಲ್ಲಿ ಮಾತ್ರ ಗೌತಮರ ಜೊತೆ ಭಿನ್ನಾಭಿಪ್ರಾಯ ಅನಿವಾರ್ಯ. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಅದನ್ನೇ ಕೊಡಬೇಕಾಗುತ್ತದೆ. ಎರಡನೇ ದಿನಕ್ಕೇ ‘ಇವನಿಗೆ ಕುಂಬಳಕಾಯಿ ಆಗೋದಿಲ್ಲ’ ಎಂದು ಷರಾ ಬರೆಯುವುದು ಅವಸರ. ಮೊಬೈಲ್ ತೋರಿಸಿ ಬಾಯಿ ತೆರೆಸುವುದು ಛಲ, ಅಂದರೆ ಎದುರಾಳಿಯನ್ನು ದಾರಿ ತಪ್ಪಿಸಿ ಗೆಲ್ಲುವುದು, ಎಂಬ ದೋಷಕ್ಕೆ ಸೇರುತ್ತದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದು 2019ರಲ್ಲಿ ಜಿನೀವಾದ ತೀರ್ಪಾಗಿದೆ.

ವಿತಂಡವಾದಿಗೇ ಪೀಠ ಬಿಟ್ಟುಕೊಟ್ಟ ಉದಾಹರಣೆಯೂ ಇದೆ. ಅಮೆರಿಕದ ಡಾಕ್ಟರ್ ಕ್ಲಾರಾ ಡೇವಿಸ್ 1926ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಒಟ್ಟು ಹದಿನೈದು ಕೂಸುಗಳು ಪಾಲುಗೊಂಡವು. ಮೂವತ್ತಕ್ಕೂ ಹೆಚ್ಚು ಬಗೆಯ ಸಾದಾ ಪದಾರ್ಥಗಳ ಪಟ್ಟಿಯಿಂದ ಹೊತ್ತುಹೊತ್ತಿಗೆ ಒಂದಿಷ್ಟನ್ನು ಮುಂದಿಟ್ಟು, ಬೇಕಾದ್ದನ್ನು ಅವುಗಳೇ ಆರಿಸಿಕೊಳ್ಳಲು ಬಿಟ್ಟರು. ಸಕ್ಕರೆ ಪಟ್ಟಿಯಲ್ಲೇ ಇರಲಿಲ್ಲ. ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದವು. ದಾದಿಯರಿಗೆ ಕಟ್ಟಪ್ಪಣೆ: ಚಮಚ ಹಿಡಿದು ಸುಮ್ಮನೆ ಕೂತಿರಬೇಕು, ಮಗು ಕೈ ಚಾಚಿದರಷ್ಟೇ ಕೊಡಬೇಕು, ಏನು ತಿಂದರೂ ತಿನ್ನದಿದ್ದರೂ ಒಂದು ಮಾತೂ ಆಡಬಾರದು. ಮೈಸೂರು ಪ್ರಾಂತ್ಯದಲ್ಲಿ ಈ ಪ್ರಯೋಗಕ್ಕೆ ರಾಗಿಯೂ ಇದೆ, ಮಗುವೂ ಇದೆ. ಕಟ್ಟಪ್ಪಣೆಯ ಕಡೆಯ ಷರತ್ತಿಗೆ ಅಜ್ಜಿಯ ಒಪ್ಪಿಗೆ ಬರುವುದೊಂದು ಬಾಕಿ.