ರುಬ್ರಿಕ್ ಮೀಮಾಂಸೆ

ರುಬ್ರಿಕ್ ಶಬ್ದದ ವ್ಯುತ್ಪತ್ತಿಯ ವಿಷಯದಲ್ಲಿ ಪಂಡಿತರದು ಎರಡು ಪಂಗಡ. ಲ್ಯಾಟಿನ್ನಿನ ‘ರುಬ್ರಿಕಾ’, ಅಂದರೆ ಕೆಮ್ಮಣ್ಣು, ಇದರ ಮೂಲ. ಮಧ್ಯಯುಗದ ಯುರೋಪಿನ ಲಿಪಿಕಾರರು ಹಸ್ತಪ್ರತಿಗಳ ತಲೆಬರಹವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು, ಆ ಬರಹಕ್ಕೇ ಹೆಸರು ಅಂಟಿಕೊಂಡಿತು ಎಂಬುದು ಒಂದು ಪಂಗಡ. ಎರಡನೆಯದು ನಮ್ಮ ಸ್ಟಾಫ್ ರೂಮಿನದು. ಅದರ ಪ್ರಕಾರ ಧಾತು ‘ರುಬ್ಬು’. ಇಂಟರ್ನಲ್ಸ್ ಮುಗಿದ ವಾರ ನೂರಾ ಎಂಬತ್ತು ಅಸೈನ್‌ಮೆಂಟುಗಳನ್ನು ಒಂದೇ ಒರಳಿಗೆ ಹಾಕಿಕೊಂಡು ಕೂತವನಿಗೆ ಬೇರೆ ಪ್ರಮಾಣ ಬೇಕಿಲ್ಲ. ಎನ್‌ಪಿಟಿಇಎಲ್ ಥರದ ಕಡೆ 12 ವಾರದ ಆನ್‌ಲೈನ್ ಕೋರ್ಸಿನಲ್ಲಿ ವಾರವಾರದ ಪ್ರಶ್ನೆಗಳಿಗೆ ಯಂತ್ರವೇ ಅಂಕ ಹಾಕಿ, ಚೆನ್ನಾಗಿರುವ 8ನ್ನು ಹೆಕ್ಕಿಕೊಳ್ಳುತ್ತದಲ್ಲ, ಅದು ಮಿಕ್ಸಿ. ನಾನಿಲ್ಲಿ ಹೇಳುತ್ತಿರುವುದು ಕೈಒರಳಿನ ಶಾಸ್ತ್ರ.

ಲಕ್ಷಣ: ಎಡಗಡೆ ಮೇಲಿಂದ ಕೆಳಕ್ಕೆ ಮಾನದಂಡ, ಪ್ರತಿಯೊಂದರ ಮುಂದೆ ಅಡ್ಡಕ್ಕೆ ನಾಲ್ಕು ಮಟ್ಟ, ಮನೆಮನೆಯಲ್ಲೂ ಒಂದೊಂದು ವಾಕ್ಯ. ನೋಡಿದರೆ ಚೌಕಾಬಾರದ ಮಣೆ. ಕವಡೆ ಮಾತ್ರ ಮೇಷ್ಟ್ರ ಕೈಯಲ್ಲಿ.

ಇತಿಹಾಸ ಹೆಚ್ಚು ಬೇಡ. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಗೆ ಆರು ಮೆಟ್ಟಿಲು ಕಟ್ಟಿದರು. 2002ರಲ್ಲಿ ಮಾರ್ಟಿನ್ ಡೂಗಿಯಾಮಸ್ ಮೂಡಲ್ ಎಂಬ ಕಲಿಕಾ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಅದರೊಳಗೆ ರುಬ್ರಿಕ್ ಬಂದು ಕೂತದ್ದು 2011ರ ಕೊನೆಗೆ. 2014ರಲ್ಲಿ ಭಾರತ ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಯ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲಂತೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿಒ (ಕೋರ್ಸ್ ಔಟ್‌ಕಮ್), ಪಿಒ (ಪ್ರೋಗ್ರಾಂ ಔಟ್‌ಕಮ್) ಎಂಬ ಕೋಷ್ಟಕಗಳು ಮಳೆಗಾಲದ ಅಣಬೆಯಂತೆ ಎದ್ದವು. ಆ ಅಣಬೆಗಳ ನಡುವೆ ಕನ್ನಡ ಮೇಷ್ಟ್ರೊಬ್ಬ ಸಿಕ್ಕಿಬಿದ್ದ. ಅವನೇ ಪ್ರಸ್ತುತ ಗ್ರಂಥಕರ್ತ.

ಇನ್ನು ಕಾಲವಿಚಾರ. ಕೊಟ್ಟ ಅವಧಿ ಹದಿನೈದು ದಿನವಾದರೂ ಅಸೈನ್‌ಮೆಂಟ್ ಹುಟ್ಟುವುದು ರಾತ್ರಿ 11.30ರಿಂದ 11.59ರ ನಡುವೆ. ತಡವಾಗಿ ಹುಟ್ಟಿದ ಕೂಸಿಗೆ ಮೂಡಲ್ ‘1 ನಿಮಿಷ 12 ಸೆಕೆಂಡು ತಡ’ ಎಂದು ಕೆಂಪಾಗಿ ಜಾತಕ ಬರೆಯುತ್ತದೆ. ಲಿಪಿಕಾರರ ಕೆಮ್ಮಣ್ಣು ಉಳಿದಿರುವುದು ಇದೊಂದೇ ಕಡೆ. ಸಲ್ಲಿಕೆಗಳಲ್ಲಿ ಪ್ರಭೇದಗಳು ಅನಂತ: ಅಡ್ಡ ಮಲಗಿದ ಫೋಟೋ, ‘ಫೈನಲ್ ಫೈನಲ್ 2’ ಎಂಬ ಖಾಲಿ ಪಿಡಿಎಫ್, ಎಷ್ಟು ತಟ್ಟಿದರೂ ಬಾಗಿಲು ತೆಗೆಯದ ಡ್ರೈವ್ ಲಿಂಕ್.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ: “ರುಬ್ರಿಕ್ ಇಲ್ಲದಿದ್ದರೆ ಹೊಟ್ಟೆ ತುಂಬಿದಾಗ ತಿದ್ದಿದ್ದಕ್ಕೊಂದು ಅಂಕ, ಹಸಿದಾಗ ತಿದ್ದಿದ್ದಕ್ಕೊಂದು ಅಂಕ. ಕಪ್ಪೆಗಳನ್ನು ತಕ್ಕಡಿಗೆ ಹಾಕುವವನಿಗೆ ಮುಚ್ಚಳ ಬೇಡವೇ?” ಒಪ್ಪಿದೆ. ನೂರೈವತ್ತನೆಯ ಕಪ್ಪೆಯ ಹೊತ್ತಿಗೆ ನನಗೇ ನನ್ನ ಮೇಲೆ ನಂಬಿಕೆ ಇರುವುದಿಲ್ಲ. ಆದರೆ ಮುಚ್ಚಳ ಹಾಕಿದ ಮೇಲೆ ಒಳಗಿರುವುದು ಕಪ್ಪೆಯೋ ಕಲ್ಲೋ ಯಾರು ನೋಡುತ್ತಾರೆ? ಇದಕ್ಕೊಂದು ಉದಾಹರಣೆ.

ಹೊರರಾಜ್ಯದಿಂದ ಬಂದವರಿಗೆ ಕೊಟ್ಟ ಕೆಲಸ: ಆಟೋ ಚಾಲಕರೊಂದಿಗೆ ಎರಡು ನಿಮಿಷದ ಸಂಭಾಷಣೆ, ಧ್ವನಿಮುದ್ರಣ. ಮಾನದಂಡ ನಾಲ್ಕು: ವ್ಯಾಕರಣ, ಶಬ್ದಸಂಪತ್ತು, ಉಚ್ಚಾರಣೆ, ಹರಿವು. ಮಟ್ಟವೂ ನಾಲ್ಕು: ಆರಂಭಿಕಕ್ಕೆ 1, ಮಾದರಿಗೆ 4. ಹೆಚ್ಚಿನವರು ಹಾಸ್ಟೆಲ್ ರೂಮ್‌ಮೇಟನ್ನೇ ಚಾಲಕನನ್ನಾಗಿ ಮಾಡಿದ್ದರು. ಒಂದರಲ್ಲಿ ಚಾಲಕ “ದಯವಿಟ್ಟು ಆಸೀನರಾಗಿ” ಎನ್ನುತ್ತಾನೆ. ದೋಷವಿಲ್ಲದ ವಾಕ್ಯ. ನಾಲ್ಕು ಸಾಲಿನಲ್ಲೂ ಮಾದರಿ.

ಒಬ್ಬ ಹುಡುಗ ಮಾತ್ರ ಫೋನು ಜೇಬಲ್ಲಿಟ್ಟುಕೊಂಡು ನಿಜವಾಗಿ ಮೆಜೆಸ್ಟಿಕ್ಕಿಗೆ ಹೋಗಿದ್ದ. ಹಾರನ್ನು, “ತುಮ್ಕೂರ್ ತುಮ್ಕೂರ್” ಎಂಬ ಕೂಗು, ಅದರ ನಡುವೆ ಇವನ ಸಣ್ಣ ದನಿ: “ಅಣ್ಣಾ, ಬಸವನಗುಡಿ. ಮೀಟರ್ ಮೇಲೆ ಇಪ್ಪತ್ತು ನಾನು ಕೊಡ್ತಾನೆ.” ಆಟೋದವರು: “ಕೊಡ್ತಾನೆ ಅಲ್ಲಪ್ಪಾ, ಕೊಡ್ತೀನಿ. ಹತ್ತು, ಹತ್ತು.” ಹುಡುಗ ಗಾಬರಿಯಿಂದ: “ಹತ್ತು ಅಲ್ಲ ಅಣ್ಣಾ, ಇಪ್ಪತ್ತು!” ಆಮೇಲೆ ಒಂದು ದೊಡ್ಡ ನಗು, ಗಾಡಿ ಸ್ಟಾರ್ಟಾದ ಸದ್ದು. ಅಲ್ಲಿಗೆ ಮುದ್ರಣ ಮುಗಿದಿದೆ.

ಶಾಸ್ತ್ರ ಪ್ರಕಾರ ತೂಗಿದೆ. ವ್ಯಾಕರಣ 1. ಶಬ್ದಸಂಪತ್ತಿಗೆ ಕನಿಷ್ಠ ಇಪ್ಪತ್ತೈದು ಪದ ಬೇಕು, ಇವನವು ಬೆರಳೆಣಿಕೆ, 1. ಉಚ್ಚಾರಣೆ 1. ಹರಿವು ‘ಅಡೆತಡೆಯಿಲ್ಲದೆ’ ಇರಬೇಕು, ತುಮಕೂರು ಬಸ್ಸು ಅಡ್ಡ ಬಂದಿದೆ, 1. ಕೂಡಿದರೆ ನಾಲ್ಕು ಎನ್ನುವುದು ನಮ್ಮೂರ ಲೆಕ್ಕ. ಸೆಟ್ಟಿಂಗ್ಸ್‌ನಲ್ಲಿ ಒಂದು ಪುಟ್ಟ ಚೌಕದ ಟಿಕ್ ತೆಗೆದಿದ್ದರೆ ಮೂಡಲ್ ಲೆಕ್ಕ ಬೇರೆ: ಬಂದದ್ದರಲ್ಲಿ ಕನಿಷ್ಠವನ್ನು ಕಳೆ, ಗರಿಷ್ಠದಲ್ಲೂ ಕನಿಷ್ಠವನ್ನು ಕಳೆ, ಆಮೇಲೆ ಭಾಗಿಸು. ನಾಲ್ಕರಲ್ಲಿ ನಾಲ್ಕು ಹೋದರೆ ಸೊನ್ನೆ. ಸೊನ್ನೆಯನ್ನು ಹನ್ನೆರಡರಿಂದ ಭಾಗಿಸಿದರೂ ಸೊನ್ನೆ. ಆ ಟಿಕ್ ತೆಗೆದ ಪುಣ್ಯಾತ್ಮ ನಾನೇ. ನೂರಾ ಎಂಬತ್ತು ಜನರಲ್ಲಿ ಕನ್ನಡ ಆಡಿ ಕೆಲಸ ಮಾಡಿಸಿಕೊಂಡ ಏಕೈಕ ವ್ಯಕ್ತಿಗೆ ಪರದೆಯ ಮೇಲೆ 0 ಎಂದು ತೋರಿಸುತ್ತಿತ್ತು.

ಸಿದ್ಧಾಂತ ಇಲ್ಲಿದೆ, ಸ್ಟಾಫ್ ರೂಮಿನಾಚೆ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಂಕ ಮೊದಲು ಮನಸ್ಸಿನಲ್ಲಿ ಬೀಳುತ್ತದೆ, ರುಬ್ರಿಕ್ಕಿನ ಮನೆಗಳು ಆಮೇಲೆ ಅದಕ್ಕೆ ತಕ್ಕಂತೆ ತುಂಬುತ್ತವೆ. ಮಗು ಹುಟ್ಟಿದ ಮೇಲೆ ಮುಹೂರ್ತ ಇಡುವ ಜ್ಯೋತಿಷ ಇದು. ಮೊದಲ ಸಲ ಕೇಳಿದಾಗಲೇ ಇವನಿಗೆ ಇಪ್ಪತ್ತಕ್ಕೆ ಹದಿನೈದು ಎಂದು ನನ್ನೊಳಗೆ ಬಿದ್ದಿತ್ತು. ಹಿಂದಕ್ಕೆ ನಡೆದೆ: ಶಬ್ದಸಂಪತ್ತು 4, ಉಚ್ಚಾರಣೆ 4, ಹರಿವು 4. ವ್ಯಾಕರಣದ ಸಾಲಿಗೆ ಬಂದಾಗ ಮೇಷ್ಟ್ರ ಹಳೆಯ ಜೀವ ಒಪ್ಪಲಿಲ್ಲ, 1 ಅಲ್ಲೇ ಉಳಿಯಿತು. ಹದಿಮೂರರಲ್ಲಿ ನಾಲ್ಕು ಕಳೆದು ಒಂಬತ್ತು, ಹನ್ನೆರಡಕ್ಕೆ ಒಂಬತ್ತು. ಮೂಡಲ್ ಮರುಮಾತಿಲ್ಲದೆ 20ಕ್ಕೆ 15 ಎಂದಿತು.

ನಮ್ಮಲ್ಲಿ ಫೀಡ್‌ಬ್ಯಾಕ್ ಕಡ್ಡಾಯ. ನನಗಿಂತ ಚೆನ್ನಾಗಿ ತಿದ್ದಿದವರು ಆಗಲೇ ಇದ್ದರಲ್ಲ ಎಂದು ಆಟೋದವರ ಮಾತನ್ನೇ ಅಕ್ಷರಶಃ ಟೈಪ್ ಮಾಡಿ ಸೇವ್ ಒತ್ತಿದೆ. ಬೆಳಿಗ್ಗೆ ಹುಡುಗನ ಮೆಸೇಜ್ ಬಂದಿತ್ತು:

“ಸರ್, ಮೇಲೆ 15 ಇದೆ, ಕೆಳಗೆ ಹತ್ತು ಹತ್ತು ಇದೆ. ನಾನು ಯಾವುದು ತಗೊಳ್ತೀನಿ?”