ಮೊಲ್ಲಕ್ ಸಾಹೇಬರ ಪರವಾಗಿ ನಾಲ್ಕು ಮಾತು

ಉದ್ಯಮ ನಡೆಸಿ ಕೆಟ್ಟ ಹೆಸರು ಪಡೆದವರು ಬಹಳ ಮಂದಿ. ಆದರೆ ಮೊಲ್ಲಕ್ ಸಾಹೇಬರಿಗೆ ಆದಷ್ಟು ಅನ್ಯಾಯ ಇನ್ಯಾರಿಗೂ ಆಗಿಲ್ಲ. 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಆಡ್‌ವರ್ಲ್ಡ್: ಏಬ್ಸ್ ಆಡಿಸಿ’ ಎಂಬ ಪಜಲ್ ಪ್ಲಾಟ್‌ಫಾರ್ಮ್ ಗೇಮಿನಲ್ಲಿ ಅವರು ರಪ್ಚರ್‌ಫಾರ್ಮ್ಸ್ ಎಂಬ ಮಾಂಸದ ಕಾರ್ಖಾನೆಯ ಯಜಮಾನರು. ಲೋರ್ನ್ ಲ್ಯಾನಿಂಗ್ ಮತ್ತು ಶೆರಿ ಮೆಕೆನ್ನಾ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿ ಈ ಆಟವನ್ನು ಮಾಡಿತು. ಆಡಿದವರೆಲ್ಲ ಸಾಹೇಬರನ್ನು ಖಳನಾಯಕ ಎಂದು ತೀರ್ಮಾನಿಸಿ ಎದ್ದರು. ಅವರ ಲೆಕ್ಕದ ಪುಸ್ತಕ ತೆರೆದು ನೋಡುವ ಸೌಜನ್ಯ ಒಬ್ಬರಿಗೂ ಬರಲಿಲ್ಲ.

ನೋಡಿದ್ದರೆ ತಿಳಿಯುತ್ತಿತ್ತು. ಕಾರ್ಖಾನೆಯ ಮಾಲು ಮೂರು ಬಗೆ: ಸ್ಕ್ರ್ಯಾಬ್ ಕೇಕ್, ಪ್ಯಾರಮೈಟ್ ಪೈ, ಮೀಚ್ ಮಂಚೀಸ್. ಇವುಗಳಲ್ಲಿ ಮೀಚ್ ಎಂಬ ಪ್ರಾಣಿಯನ್ನು ಗಿರಾಕಿಗಳು ಎಷ್ಟು ಮೆಚ್ಚಿದರೆಂದರೆ, ಅದರ ಸಂತತಿಯೇ ಮುಗಿದುಹೋಯಿತು. ಉಳಿದೆರಡೂ ಅದೇ ದಾರಿ ಹಿಡಿದಿವೆ. ಕಚ್ಚಾ ಸಾಮಗ್ರಿ ಇಲ್ಲ, ಲಾಭ ಇಳಿಯುತ್ತಿದೆ, ಆಡಳಿತ ಮಂಡಳಿ ಮುಖ ಗಂಟಿಕ್ಕಿದೆ. ಅಳ್ಳೆದೆಯ ಯಜಮಾನನಾಗಿದ್ದರೆ ಬಾಗಿಲು ಹಾಕುತ್ತಿದ್ದ. ಸಾಹೇಬರು ಹಾಗಲ್ಲ. ಸುತ್ತ ಕಣ್ಣಾಡಿಸಿದರು. ನೆಲ ಒರೆಸುತ್ತಿದ್ದ ಮುಡೋಕನ್ ಎಂಬ ಗುಲಾಮರು ಕಂಡರು. ಸಂಬಳವಿಲ್ಲ, ರಜೆಯಿಲ್ಲ, ಮೈಯಲ್ಲಿ ಒಂದಿಷ್ಟು ಮಾಂಸವಂತೂ ಇದೆ. ಸಾಗಾಣಿಕೆ ವೆಚ್ಚ ಸೊನ್ನೆ. ಯಂತ್ರವನ್ನು ತಾನೇ ತೊಳೆದು, ಆಮೇಲೆ ತಾನೇ ಅದರೊಳಗೆ ಹೋಗುವ ಕಚ್ಚಾ ಸಾಮಗ್ರಿ ಯಾವ ಉದ್ಯಮಿಗೆ ಸಿಕ್ಕೀತು? ದುಡಿಸಿಕೊಂಡೇ ಮುಗಿಸುವುದು ಹಳೆಯ ಪದ್ಧತಿ. ಸಾಹೇಬರು ನಡುವಿನ ತಡವನ್ನಷ್ಟೇ ತೆಗೆದುಹಾಕಿದರು.

ಕಾರ್ಖಾನೆಯ ಪಾರದರ್ಶಕತೆಯನ್ನಂತೂ ಮೆಚ್ಚಲೇಬೇಕು. ನಮ್ಮ ಕೈಗಾರಿಕಾ ಪ್ರದೇಶಗಳ ಗೇಟುಗಳಲ್ಲಿ ‘ಅಪಘಾತವಿಲ್ಲದೆ ಕಳೆದ ದಿನಗಳು’ ಎಂಬ ಬೋರ್ಡು ನೇತಾಡುತ್ತದಲ್ಲ, ರಪ್ಚರ್‌ಫಾರ್ಮ್ಸ್‌ನಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಬೋರ್ಡು ಮಿನುಗುತ್ತದೆ: ನೌಕರರು ಇಷ್ಟು, ಸತ್ತವರು ಇಷ್ಟು, ತಪ್ಪಿಸಿಕೊಂಡವರು ಇಷ್ಟು. ಸಾವನ್ನೂ ಬಿಡುಗಡೆಯನ್ನೂ ಒಂದೇ ಬಗೆಯ ನಷ್ಟವೆಂದು ಪಕ್ಕಪಕ್ಕದಲ್ಲೇ ಬರೆಯುವ ಧೈರ್ಯ ಎಷ್ಟು ಕಂಪನಿಗಳಿಗಿದೆ? ಮೇಲಧಿಕಾರಿಗಳಾದ ಗ್ಲುಕ್ಕನ್‌ಗಳ ವಿಷಯ ಇನ್ನೂ ಸೊಗಸು. ಅಗಲ ಭುಜದ ಸೂಟು, ಬಾಯಲ್ಲಿ ಚುಟ್ಟಾ. ಸೂಟಿನ ಒಳಗೆ ಅವರು ನಡೆಯುವುದು ಕೈಗಳ ಮೇಲೆ. ಕೈಗಳೆಲ್ಲ ಹೀಗೆ ಹುದ್ದೆಯನ್ನು ಹೊರುವುದರಲ್ಲೇ ಮಗ್ನವಾಗಿರುವಾಗ ಬೇರೆ ಕೆಲಸ ಮಾಡಿ ಎಂದು ಅವರನ್ನು ಕೇಳುವುದು ಕ್ರೌರ್ಯ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಕಾರ್ಖಾನೆಯನ್ನು ಕೆಡಿಸಿದವನು ಏಬ್ ಎಂಬ ಮುಡೋಕನ್. ನೆಲಕ್ಕೆ ಪಾಲಿಶ್ ಹಾಕುವವನು. ತುಟಿಗಳಿಗೆ ಹೊಲಿಗೆ ಬಿದ್ದಿದೆ. ಹೊತ್ತು ಮೀರಿ ಕೆಲಸ ಮಾಡುತ್ತಿದ್ದಾಗ ಮಂಡಳಿಯ ಸಭೆಯ ಗುಟ್ಟು ಅವನ ಕಿವಿಗೆ ಬಿತ್ತು. ಓವರ್‌ಟೈಮ್ ಮಾಡಿಸಿದರೆ ಹೀಗೂ ಆಗುತ್ತದೆ ಎಂಬುದನ್ನು ಆಡಳಿತಗಾರರು ಗಮನಿಸಬೇಕು. ಏಬ್‌ಗೆ ಬಂದೂಕಿಲ್ಲ. ಮಂತ್ರ ಗುನುಗಿ ಕಾವಲುಗಾರ ಸ್ಲಿಗ್‌ನ ಮೈಮೇಲೆ ಬರುತ್ತಾನೆ, ಅವನ ಕೈಯಲ್ಲೇ ಅವನ ಗೆಳೆಯರಿಗೆ ಗುಂಡು ಹೊಡೆಸುತ್ತಾನೆ. ಇನ್ನು ಜೊತೆಗಾರರನ್ನು ಬಿಡಿಸುವ ಬಗೆ? ‘ಹಲೋ’ ಎನ್ನುತ್ತಾನೆ. ಆಮೇಲೆ ‘ನನ್ನ ಹಿಂದೆ ಬಾ’ ಎನ್ನುತ್ತಾನೆ. ಅಷ್ಟೇ, ಬರುತ್ತಾರೆ! ಹಲೋ ಅನ್ನದೆ ಕರೆದರೆ ಒಬ್ಬನೂ ಕದಲುವುದಿಲ್ಲ. ನೌಕರರನ್ನು ಉಳಿಸಿಕೊಳ್ಳುವುದು ಹೇಗೆಂದು ಹೋಟೆಲುಗಳಲ್ಲಿ ಕಾರ್ಯಾಗಾರ ನಡೆಸುವವರಿಗೆ ಇಷ್ಟು ಅಗ್ಗದ ಉಪಾಯ ಹೊಳೆದಿಲ್ಲ, ಹೊಳೆದರೆ ಕಾರ್ಯಾಗಾರ ನಿಲ್ಲುತ್ತದೆ.

ಈಗ ಬಿಡಿಸಲು ಬಂದವರ ಕಡೆ ನೋಡೋಣ, ಅಂದರೆ ಆಡುವ ನಮ್ಮ ಕಡೆ. ಒಟ್ಟು ಮುಡೋಕನ್‌ಗಳು 99. ಅವರಲ್ಲಿ 50 ಮಂದಿಯನ್ನಾದರೂ ಪಾರುಮಾಡಿದರೆ ಕೊನೆಯಲ್ಲಿ ಅವರು ಒಟ್ಟಾಗಿ ಸಿಡಿಲು ತರಿಸಿ ಏಬ್‌ನನ್ನು ಉಳಿಸುತ್ತಾರೆ. ಕಡಿಮೆಯಾದರೆ ಅವನೇ ಮಾಂಸದ ಯಂತ್ರಕ್ಕೆ. ಈ ಗುಟ್ಟು ತಿಳಿದ ಕ್ಷಣದಿಂದ ಆಟಗಾರನ ಕರುಣೆಗೆ ಒಂದು ಟಾರ್ಗೆಟ್ ಬರುತ್ತದೆ. ಮೊದಲ ಮುಡೋಕನ್ ಯಂತ್ರಕ್ಕೆ ಸಿಕ್ಕಾಗ ‘ಅಯ್ಯೋ ಪಾಪ’ ಎಂದವನೇ ಸ್ವಲ್ಪ ಹೊತ್ತಿನಲ್ಲಿ ಬೋರ್ಡು ನೋಡಿ, ‘ಪರವಾಗಿಲ್ಲ, ಇನ್ನೂ ಸಾಕಷ್ಟಿದ್ದಾರೆ’ ಎನ್ನುತ್ತಾನೆ. ಅಡ್ಡಹಾದಿಯಲ್ಲಿ ಇನ್ನೂ ಮೂವರಿದ್ದಾರೆ ಎಂದು ಯಾರಾದರೂ ನೆನಪಿಸಿದರೆ, ‘ಕೋಟಾ ಮುಗಿದಿದೆಯಲ್ಲ’ ಎಂಬ ಉತ್ತರ. ಏಬ್ ಎಷ್ಟು ಸಲ ಸತ್ತರೂ ಮತ್ತೆ ಎದ್ದು ಬರುತ್ತಾನೆ. ಮುಂದಾಳಿಗೆ ತಪ್ಪು ಮಾಡಲು ಮಿತಿಯಿಲ್ಲ. ಸಂಖ್ಯೆಗೆ ಸೇರುವವರು ಮಾತ್ರ ಹಿಂದೆ ಬಂದವರು. ಸಾಹೇಬರ ಕಾರ್ಖಾನೆಯಲ್ಲಿ ತರಬೇತಿಯಿಲ್ಲದೆಯೇ ನಾವು ಮ್ಯಾನೇಜರುಗಳಾಗಿರುತ್ತೇವೆ, ಅದೂ ವಿಮೋಚಕರ ವೇಷದಲ್ಲಿ.

ಉತ್ಪಾದನೆಯೂ ಏರುತ್ತಲೇ ಇದೆ. ಇದೇ ಸರಣಿಯ 1998ರ ಆಟ ‘ಎಕ್ಸಾಡಸ್’ನಲ್ಲಿ ಮುಡೋಕನ್‌ಗಳ ಮೂಳೆ, ಕಣ್ಣೀರುಗಳಿಂದ ಪಾನೀಯ ತಯಾರಿಸುವ ಭಟ್ಟಿ, ಬಿಡಿಸಬೇಕಾದವರು 300. 2021ರ ‘ಸೋಲ್‌ಸ್ಟಾರ್ಮ್’ ಹೊತ್ತಿಗೆ ಸಾವಿರ ದಾಟಿತು. ಗುಲಾಮರ ಸಂಖ್ಯೆ ಹೆಚ್ಚಿದಷ್ಟೂ ಆಟ ದೊಡ್ಡದು, ಆಟ ದೊಡ್ಡದಾದಷ್ಟೂ ಆಡುವವರ ಮನುಷ್ಯತ್ವಕ್ಕೆ ಹೆಚ್ಚು ಅವಕಾಶ. ಇದಕ್ಕಿಂತ ಆರೋಗ್ಯಕರ ಬೆಳವಣಿಗೆ ದರ ಇರಲಾರದು.

ಆದರೂ ಸಾಹೇಬರಿಗೆ ಒಂದು ಕೊರಗಿತ್ತು. ಮುಡೋಕನ್ ಮಾಂಸದ ತಿನಿಸಿಗೆ ‘ನ್ಯೂ ಎನ್ ಟೇಸ್ಟಿ’ ಎಂಬ ಜಾಹೀರಾತಿನ ಮಾತು ಸಿದ್ಧವಾಗಿತ್ತು, ಆದರೆ ಏಬ್‌ನ ದೆಸೆಯಿಂದ ಮಾಲು ಮಾರುಕಟ್ಟೆ ಮುಟ್ಟಲಿಲ್ಲ. ಆ ಕೊರಗನ್ನೂ ಕಾಲ ನೀಗಿಸಿತು. 2014ರಲ್ಲಿ ಮೊದಲ ಆಟವನ್ನು ಹೊಸದಾಗಿ ಮಾಡಿ ಬಿಟ್ಟರು. ಮುಡೋಕನ್‌ಗಳು ಈ ಸಲ 299. ಹೆಸರೇನು ಗೊತ್ತೆ? ‘ನ್ಯೂ ಎನ್ ಟೇಸ್ಟಿ’. ಸಾಹೇಬರ ಲೇಬಲ್ಲು ಹಚ್ಚಿಕೊಂಡು, 17 ವರ್ಷ ತಡವಾಗಿ, ಮುಡೋಕನ್‌ಗಳು ಅಂಗಡಿಗೆ ಬಂದರು. ದುಡ್ಡು ಕೊಟ್ಟು ಕೊಂಡವರು ಅವರನ್ನು ಬಿಡಿಸಲು ಹೊರಟ ನಾವೇ.